ಅನುದಾನದ ಲಭ್ಯತೆ ಮೇರೆಗೆ

ನಮ್ಮ ಪಂಚಾಯಿತಿಯ ನಡಾವಳಿ ಪುಸ್ತಕವನ್ನು ಯಾರು ಬೇಕಾದರೂ ಕೇಳಿ ಓದಬಹುದು. ಇಂಥ ಕೆಲಸ ಮಾಡುವುದಿಲ್ಲ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಬೀದಿದೀಪ ಬೇಡ ಅಂದಿಲ್ಲ, ಚರಂಡಿ ಬೇಡ ಅಂದಿಲ್ಲ, ಗುಡ್ಡದ ಮೇಲಿನ ನಾಲ್ಕು ಮನೆಗೆ ಪೈಪ್ ಎಳೆಯುವುದು ಬೇಡ ಅಂತಲೂ ಅಂದಿಲ್ಲ. ‘ಅನುದಾನದ ಲಭ್ಯತೆ ಮೇರೆಗೆ ಕ್ರಮ ವಹಿಸಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು’, ಅಷ್ಟೇ. ಮೇಲಿನಿಂದ ದುಡ್ಡು ಕಡಿಮೆಯಾಯಿತು ಎಂದು ಪೇಪರಿನಲ್ಲಿ ಓದಿದವರು ಕೆಳಗೆ ಕೆಲಸಗಳು ರದ್ದಾಗುತ್ತವೆ ಅಂದುಕೊಳ್ಳುತ್ತಾರೆ. ರದ್ದಾಗುವುದಿಲ್ಲ, ಮುಂದಕ್ಕೆ ಹೋಗುತ್ತವೆ. ಯಾವುದನ್ನು ಮುಂದಕ್ಕೆ ಹಾಕಬಹುದು, ಯಾರದನ್ನು ಹಾಕಿದರೆ ಗಲಾಟೆ ಆಗುವುದಿಲ್ಲ, ಇದನ್ನು ಅಳೆಯುವುದರಲ್ಲೇ ಪಂಚಾಯಿತಿಯ ರಾಜಕೀಯವೆಲ್ಲ ಇದೆ.

ನಾನು ಮೂಡಿಗೆರೆ ತಾಲ್ಲೂಕಿನವಳು. ಮೂರೆಕರೆ ರೊಬಸ್ಟಾ, ಮರಕ್ಕೆ ಹಬ್ಬಿಸಿದ ಒಂದಿಷ್ಟು ಮೆಣಸು, ಗದ್ದೆಯಾಗಿದ್ದದ್ದು ಈಗ ಅಡಿಕೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ನಮ್ಮ ವಾರ್ಡಿಗೆ ಮಹಿಳಾ ಮೀಸಲು ಬಂತು ಅಂತ ಮನೆಯವರು, ನೆಂಟರು ಎಲ್ಲ ಸೇರಿ ನನ್ನನ್ನು ನಿಲ್ಲಿಸಿದರು. ನಿಲ್ಲಿಸಿದವರ ಲೆಕ್ಕಾಚಾರ ಏನಿತ್ತೋ, ಗೆದ್ದ ಮೇಲೆ ಸಭೆಗೆ ಹೋಗಿ ಕೂತವಳು ನಾನೇ. ಈಗ ಅವಧಿ ಮುಗಿದಿದೆ, ಬಾಯಿ ಬಿಟ್ಟು ಮಾತಾಡಬಹುದು. ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ನಾಳೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ವಿವರಣೆ ಕೊಡಬೇಕಾದವಳೂ ನಾನೇ.

400 ಜನಕ್ಕೆ ಒಬ್ಬ ಸದಸ್ಯ ಎಂಬುದು ಕಾಯ್ದೆಯ ಲೆಕ್ಕ. ಬಯಲುಸೀಮೆಯಲ್ಲಿ 400 ಜನ ಅಂದರೆ ಎರಡು ಬೀದಿ ಇರಬಹುದು. ನನ್ನ ವಾರ್ಡಿನಲ್ಲಿ ಅಷ್ಟು ಜನ ಮೂರು ಗುಡ್ಡ, ಎರಡು ಹಳ್ಳ ಹರವಿಕೊಂಡು ಕೂತಿದ್ದಾರೆ. ಒಂದು ಮನೆಗೆ ನಲ್ಲಿ ಕೊಡಬೇಕಾದರೆ ಅರ್ಧ ಕಿಲೋಮೀಟರ್ ಪೈಪು. ಆದರೆ ಕೇಂದ್ರದ ದುಡ್ಡಿನಲ್ಲಿ ಯಾರಿಗೆ ಎಷ್ಟು ಎಂದು ಲೆಕ್ಕ ಹಾಕುವ 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ದುಡ್ಡನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ಅಂತ ಇಟ್ಟಿತು. ರಾಜ್ಯದೊಳಗೂ ಹೆಚ್ಚುಕಮ್ಮಿ ತಲೆ ಎಣಿಸಿಯೇ ಹಂಚುವುದು. ಮಲೆನಾಡಿನಲ್ಲಿ ತಲೆ ಕಮ್ಮಿ, ದಾರಿ ಜಾಸ್ತಿ. ದಾರಿಗೆ ಯಾರೂ ತಲೆ ಎಣಿಸುವುದಿಲ್ಲವಲ್ಲ.

ಪಂಚಾಯಿತಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ನನಗೂ ಮೊದಲು ಗೊತ್ತಿರಲಿಲ್ಲ. ‘ಸರ್ಕಾರ ಕೊಡ್ತದೆ’ ಅನ್ನುವಷ್ಟೇ ತಿಳಿವಳಿಕೆ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಒಳ್ಳೆ ಮನುಷ್ಯ, ಸಭೆ ಮುಗಿದ ಮೇಲೆ ಕೂರಿಸಿ ತಾಳ್ಮೆಯಿಂದ ಹೇಳಿಕೊಟ್ಟರು. ಮನೆ ಕಂದಾಯ, ನೀರಿನ ಬಿಲ್ಲು, ಮಳಿಗೆ ಬಾಡಿಗೆ, ಲೈಸೆನ್ಸ್ ಇವೆಲ್ಲ ನಮ್ಮದೇ ವಸೂಲಿ. ರಾಜ್ಯ ಕೊಡುವ ಶಾಸನಬದ್ಧ ಅನುದಾನ ಬಹುಪಾಲು ಕರೆಂಟ್ ಬಿಲ್ಲಿಗೆ, ಸಿಬ್ಬಂದಿ ಸಂಬಳಕ್ಕೆ. ದೆಹಲಿಯಿಂದ ಬರುವುದು ಹಣಕಾಸು ಆಯೋಗದ ಅನುದಾನ, ವರ್ಷಕ್ಕೆ ಎರಡು ಕಂತು. ಇದರಲ್ಲಿ 2021ರಿಂದ 2026ರ ಮಾರ್ಚ್‌ವರೆಗೆ ಶೇ 60 ‘ಟೈಡ್’, ಅಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕಿತ್ತು. ಉಳಿದ ಶೇ 40 ‘ಅನ್‌ಟೈಡ್’, ಊರಿಗೆ ಬೇಕಾದ್ದಕ್ಕೆ ಬಳಸಬಹುದಿತ್ತು. ಆದರೆ ಸಂಬಳಕ್ಕೆ, ಕಚೇರಿ ಖರ್ಚಿಗೆ ಮುಟ್ಟುವ ಹಾಗಿರಲಿಲ್ಲ.

ಈ ಕೊನೆಯ ಷರತ್ತನ್ನು ನೆನಪಿಟ್ಟುಕೊಳ್ಳಿ. ಆ ದುಡ್ಡಿನಲ್ಲಿ ಹೊಸ ಟ್ಯಾಂಕ್ ಕಟ್ಟಬಹುದಿತ್ತು. ಆ ಟ್ಯಾಂಕಿಗೆ ನೀರು ಹತ್ತಿಸಿ ವಾಲ್ವ್ ತಿರುಗಿಸುವವನಿಗೆ ಅನ್‌ಟೈಡ್ ದುಡ್ಡಿನಿಂದ ಸಂಬಳ ಕೊಡುವಂತಿರಲಿಲ್ಲ.

ಕಡಿತದ ವಿಷಯಕ್ಕೆ ಬರುತ್ತೇನೆ. ರಾಜ್ಯಗಳಿಗೆ ಹಂಚುವ ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. 2024ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ, ಮಂತ್ರಿಗಳೆಲ್ಲ ದೆಹಲಿಗೆ ಹೋಗಿ ಜಂತರ್ ಮಂತರ್‌ನಲ್ಲಿ ಕೂತು ‘ನನ್ನ ತೆರಿಗೆ ನನ್ನ ಹಕ್ಕು’ ಎಂದರು. ನಮ್ಮ ಸಭೆಯಲ್ಲಿ ಇದು ಪಕ್ಷದ ಜಗಳವಾಯಿತು. ಒಂದು ಸಾಲಿನವರು ದೆಹಲಿಗೆ ಬೈದರು, ಎದುರು ಸಾಲಿನವರು ಬೆಂಗಳೂರಿಗೆ ಬೈದರು. ಗ್ಯಾರಂಟಿಗಳಿಗೆ ದುಡ್ಡೆಲ್ಲ ಹೋಯಿತು ಎಂದವರ ಮನೆಯಲ್ಲೂ ಗೃಹಲಕ್ಷ್ಮಿ ಬರುತ್ತಿತ್ತು, ಅದನ್ನು ನೆನಪಿಸಿದಾಗ ಸಭೆ ಸ್ವಲ್ಪ ತಣ್ಣಗಾಯಿತು. ನನಗೆ ಅನ್ನಿಸಿದ್ದು ಇಷ್ಟು: ಬೆಂಗಳೂರು ದೆಹಲಿಯನ್ನು ಕೇಳುವ ಪ್ರಶ್ನೆಯನ್ನೇ ನಾವು ಬೆಂಗಳೂರನ್ನು ಕೇಳಬೇಕು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಬಂದು ಮೂವತ್ತು ವರ್ಷ ದಾಟಿದೆ. ಪಂಚಾಯಿತಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ನಮ್ಮ ಗೋಡೆ ಮೇಲೂ ಬರೆಸಿದ್ದಾರೆ. ಪಟ್ಟಿಯ ಜೊತೆ ಬರಬೇಕಾದ ದುಡ್ಡಿಗೆ ಗೋಡೆಯಲ್ಲಿ ಜಾಗ ಸಾಲಲಿಲ್ಲವೇನೋ.

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಕಥೆ ಬೇರೆಯೇ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 14ನೇ ಆಯೋಗ ಗ್ರಾಮ ಪಂಚಾಯಿತಿಗೆ ಮಾತ್ರ ದುಡ್ಡು ಕೊಟ್ಟಿತ್ತು. 15ನೆಯದು ಮೂರೂ ಹಂತಕ್ಕೆ ಕೊಡುತ್ತೇನೆಂದಾಗ ಮೇಲಿನ ಎರಡು ಹಂತದಲ್ಲಿ ಚುನಾಯಿತರೇ ಇಲ್ಲ. ಮೊದಲಾದರೆ ನಮ್ಮಿಂದಾಗದ ರಸ್ತೆಗೆ ಜಿಲ್ಲಾ ಪಂಚಾಯಿತಿ ಸದಸ್ಯರ ಮನೆಗೆ ಹೋಗಿ ಕಾಫಿ ಕುಡಿದು ಬರಬಹುದಿತ್ತು. ಈಗ ಹೋಗಲು ಮನೆಯಿಲ್ಲ. ಎಲ್ಲದಕ್ಕೂ ಶಾಸಕರ ಮನೆಯೇ.

ನಮ್ಮ ಮಾವನವರು 1987ರಲ್ಲಿ ಮಂಡಲ ಪಂಚಾಯಿತಿ ಸದಸ್ಯರಾಗಿದ್ದವರು. ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರು ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಕಾಲ. ಆಗ ಮಂಡಲದ ಪ್ರಧಾನರೆದುರು ಅಧಿಕಾರಿಗಳು ಕೈಕಟ್ಟಿ ನಿಲ್ಲುತ್ತಿದ್ದರು ಎಂದು ಮಾವ ಹೇಳುತ್ತಾರೆ. ಅರ್ಧ ಬಿಟ್ಟು ಅರ್ಧ ನಂಬುತ್ತೇನೆ.

ದುಡ್ಡು ಕಡಿಮೆಯಾಗಿದೆ ಎಂದು ನಮಗೆ ಯಾರೂ ಪತ್ರ ಬರೆಯಲಿಲ್ಲ. ಮೊದಲ ಕಂತು ತಡವಾಯಿತು. ಯಾಕೆ ಅಂದರೆ ಆಡಿಟ್ ಆನ್‌ಲೈನಿಗೆ ಏರಿಲ್ಲ. ಏರಿಸಿದೆವು, ಆಮೇಲೆ ರಾಜ್ಯದಿಂದ ಯಾವುದೋ ದೃಢೀಕರಣ ಹೋಗಬೇಕಂತೆ. ಅದು ಹೋಯಿತು, ಅಷ್ಟರಲ್ಲಿ ಮಾರ್ಚ್ ಬಂತು. ಕ್ರಿಯಾ ಯೋಜನೆ ಮಾಡಿ, ವಾರ್ಡಿನವರಿಗೆ ಮಾತು ಕೊಟ್ಟು, ಕೆಲಸವನ್ನೂ ಶುರು ಮಾಡಿಸಿ, ಅಧ್ಯಕ್ಷರೂ ಪಿಡಿಒ ಅವರೂ ಆನ್‌ಲೈನ್ ಸಹಿಯ ಡಾಂಗಲ್ ಹಿಡಿದುಕೊಂಡು ಖಾತೆಗೆ ದುಡ್ಡು ಬೀಳುವುದನ್ನು ಕಾಯುತ್ತ ಕೂರುವುದು. ಕಡಿತ ಅನ್ನುವುದು ನಮ್ಮ ಮೇಜಿಗೆ ಬರುವುದು ಹೀಗೆ, ತಡದ ವೇಷದಲ್ಲಿ. ತಡವಾದದ್ದು ಬರುತ್ತದೋ ಬರುವುದೇ ಇಲ್ಲವೋ ಎಂದು ವರ್ಷ ಮುಗಿದ ಮೇಲಷ್ಟೇ ತಿಳಿಯುತ್ತದೆ.

ಜಲಜೀವನ್ ಮಿಷನ್ ಇದರ ದೊಡ್ಡ ಉದಾಹರಣೆ. 2019ರ ಆಗಸ್ಟ್ 15ರಂದು ಘೋಷಣೆಯಾದದ್ದು. ದಿನಕ್ಕೆ ತಲಾ 55 ಲೀಟರ್, ಮನೆಮನೆಗೆ ನಲ್ಲಿ. ಗುತ್ತಿಗೆದಾರರು ಜೆಸಿಬಿ ತಂದು ಕಾಂಕ್ರೀಟ್ ರಸ್ತೆ ಸೀಳಿ ನೀಲಿ ಪೈಪು ಹೂತು, ಮನೆ ಮುಂದೆ ನಲ್ಲಿ ನಿಲ್ಲಿಸಿ, ಫೋಟೋ ತೆಗೆದುಕೊಂಡು ಹೋದರು. 2024–25ರ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ 70,163 ಕೋಟಿ ರೂಪಾಯಿ ಅಂತ ಇಟ್ಟವರು ವರ್ಷದ ಕೊನೆಗೆ ಪರಿಷ್ಕರಿಸಿ 22,694 ಕೋಟಿಗೆ ಇಳಿಸಿದರು. 2028ರವರೆಗೆ ಅವಧಿ ವಿಸ್ತರಿಸಿದ್ದೇವೆ ಎಂದೂ ಹೇಳಿದರು. ಅಲ್ಲೂ ಅದೇ ನೋಡಿ, ಕೈಬಿಟ್ಟಿಲ್ಲ, ಮುಂದೂಡಿದ್ದಾರೆ. ನಮ್ಮಲ್ಲಿ ಸೀಳಿದ ರಸ್ತೆ ಹಾಗೇ ಉಳಿಯಿತು. ಕಟ್ಟಿದ ಯೋಜನೆಯ ನಿರ್ವಹಣೆ ಗ್ರಾಮ ಪಂಚಾಯಿತಿಯದು. ಹೊಸ ಮೋಟರಿನ ಕರೆಂಟ್ ಬಿಲ್ಲು, ಹೊಸ ಪೈಪು ಒಡೆದರೆ ರಿಪೇರಿ, ಹೊಸ ಲೈನಿಗೆ ನೀರು ಬಿಡಲು ಅದೇ ಹಳೆಯ ನೀರುಗಂಟಿ.

ಈ ನೀರುಗಂಟಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಖರ್ಚಿನ ಪಟ್ಟಿಯನ್ನು ಎದುರಿಟ್ಟುಕೊಂಡು ಯಾವುದನ್ನು ತಡ ಮಾಡಬಹುದು ಎಂದು ನೋಡಿದರೆ, ಗುತ್ತಿಗೆದಾರನ ಬಿಲ್ಲು ತಡವಾದರೆ ಅವನು ಅಧ್ಯಕ್ಷರಿಗೆ ಫೋನ್ ಮಾಡುತ್ತಾನೆ, ಅಲ್ಲೂ ಆಗದಿದ್ದರೆ ಅವರಿಗಿಂತ ಮೇಲಿನವರಿಗೆ. ಕರೆಂಟ್ ಬಿಲ್ಲು ತಡವಾದರೆ ಲೈನ್‌ಮನ್ ಬಂದು ಫ್ಯೂಸ್ ಕೀಳುತ್ತಾನೆ. ಕಂಪ್ಯೂಟರ್ ರಿಪೇರಿ ತಡವಾದರೆ ಮನೆ-ಜಾಗದ ದಾಖಲೆ ಕೊಡುವ ಇ-ಸ್ವತ್ತು ನಿಲ್ಲುತ್ತದೆ, ಜನ ಕಚೇರಿ ಮುಂದೆ ಸೇರುತ್ತಾರೆ. ನೀರುಗಂಟಿ, ಜವಾನ, ಸ್ವಚ್ಛತೆಯವರು, ಕಸದ ಗಾಡಿ ಓಡಿಸುವ ಒಕ್ಕೂಟದ ಹೆಣ್ಣುಮಕ್ಕಳು — ಇವರ ಸಂಬಳ ತಡವಾದರೆ ಏನೂ ಆಗುವುದಿಲ್ಲ. ಮಾರನೇ ದಿನ ಬೆಳಿಗ್ಗೆ ನೀರು ಬರುತ್ತದೆ, ಗಾಡಿ ಬರುತ್ತದೆ. ಹಾಗಾಗಿ ಪ್ರತಿ ಸಲ ತಡವಾಗುವುದು ಅದೇ. ಯಾರೂ ಕೆಟ್ಟವರಲ್ಲ. ಪಿಡಿಒ ಬೇಸರದಿಂದಲೇ ಹೇಳುತ್ತಿದ್ದರು. ಅಧ್ಯಕ್ಷರು ಒಂದೊಂದು ಸಲ ತಮ್ಮ ಕೈಯಿಂದ ಒಂದಿಷ್ಟು ಕೊಟ್ಟದ್ದೂ ಉಂಟು. ಆದರೆ ಪಟ್ಟಿಯ ಕೆಳಗೆ ಯಾರಿದ್ದಾರೋ ಅವರ ತಲೆ ಮೇಲೆಯೇ ಎಲ್ಲ ಬಂದು ನಿಲ್ಲುತ್ತದೆ.

ನಮ್ಮ ನೀರುಗಂಟಿ ಬೆಳಿಗ್ಗೆ ಐದಕ್ಕೆ ಎದ್ದು ಮೋಟರ್ ಹಾಕಿ, ಟ್ಯಾಂಕ್ ತುಂಬುವಷ್ಟರಲ್ಲಿ ಕೇರಿಗೊಂದು ವಾಲ್ವ್ ತಿರುಗಿಸುತ್ತ ಮೂರು ಗುಡ್ಡ ಸುತ್ತುವ ಮನುಷ್ಯ. ಆನೆ ಇದೆ ಅಂತ ಗ್ರೂಪಿನಲ್ಲಿ ಮೆಸೇಜ್ ಬಂದ ದಿನವೂ ಸುತ್ತಲೇಬೇಕು. ಒಂದು ಸಲ ಸಂಬಳ ಬಾಕಿ ತುಂಬ ಬೆಳೆದಾಗ ಕೇಳಿದೆ, “ಮನೆ ಹೇಗೆ ನಡೀತಿದೆಯೋ?”

“ಅಂಗಡೀಲಿ ಬರೆಸ್ತೀನಿ ಅಕ್ಕ. ಅವ್ರು ಕೊಡ್ತಾರೆ. ನೀರು ಬಿಡೋನಲ್ವ, ಇಲ್ಲ ಅನ್ನಕ್ಕಾಗಲ್ಲ ಅವ್ರಿಗೆ.”

ಅಂದರೆ ಸರ್ಕಾರ ಕೊಡದ ದುಡ್ಡಿಗೆ ಸಾಲ ಕೊಟ್ಟವನು ಊರಿನ ದಿನಸಿ ಅಂಗಡಿಯವನು. ಅವನ ಹೆಸರು ಯಾವ ಆಯೋಗದ ವರದಿಯಲ್ಲೂ ಬರುವುದಿಲ್ಲ. ಬಡ್ಡಿಯನ್ನೂ ಹಾಕುತ್ತಿರಲಿಲ್ಲ ಪಾಪ. ಅವನ ಮನೆಗೆ ನೀರು ಸ್ವಲ್ಪ ಜಾಸ್ತಿ ಹೊತ್ತು ಬರುತ್ತಿತ್ತು ಎಂಬ ದೂರು ವಾರ್ಡ್ ಸಭೆಯಲ್ಲಿ ಬಂದಿತ್ತು. ನಾನು ಕೇಳಿಸಿಕೊಳ್ಳದವಳ ಹಾಗೆ ಕೂತೆ.

ಬೀದಿದೀಪದ ಸಭೆ ಇದಕ್ಕಿಂತ ಜೋರಿತ್ತು. ಕರೆಂಟ್ ಬಿಲ್ಲಿನ ಬಾಕಿ ಬೆಳೆದು ನೋಟಿಸು ಬಂದಿತ್ತು. ಯಾವ ದೀಪ ಉಳಿಸೋಣ, ಯಾವುದು ತೆಗೆಸೋಣ ಎಂಬ ಚರ್ಚೆ. ಊರ ಮಧ್ಯದ ಸರ್ಕಲ್ಲಿನಲ್ಲಿ ಒಂದು ಹೈಮಾಸ್ಟ್ ದೀಪ ಇದೆ. ಹಿಂದೆ ಯಾರದೋ ಅನುದಾನದಲ್ಲಿ ಬಂದದ್ದು, ಕಂಬದ ಬುಡದಲ್ಲಿ ಕೊಟ್ಟವರ ಹೆಸರಿನ ಕಲ್ಲು. ಕೊಟ್ಟವರದು ಒಂದು ದಿನದ ಖರ್ಚು, ಉರಿಸುವವರದು ದಿನಾ ಖರ್ಚು. ಅದನ್ನು ಆರಿಸಿದರೆ ಉಳಿದ ಎಷ್ಟೋ ಕಂಬ ಉರಿಸಬಹುದು ಎಂದು ನಾನಂದೆ. ಸರ್ಕಲ್ಲಿನ ಅಂಗಡಿಯವರೆಲ್ಲ ಒಂದೇ ಬಾಯಲ್ಲಿ, ಸರ್ಕಲ್ ಕತ್ತಲಾದರೆ ಊರಿನ ಮರ್ಯಾದೆ ಏನಾಗಬೇಕು ಅಂದರು. ಮೇಲಿನ ಕಾಲೊನಿಯವರು ಮಾತ್ರ ಬೇರೆಯೇ ಕೇಳಿದರು. ಅವರಿಗೆ ದೀಪ ಬೇಕಿದ್ದದ್ದು ಮರ್ಯಾದೆಗಲ್ಲ, ಆನೆಗೆ. ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು ಈ ಸುತ್ತಿನಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಕಾಫಿ ತೋಟದಲ್ಲಿ ಆನೆ ನಿಂತಿದ್ದರೆ ಹತ್ತಡಿ ದೂರಕ್ಕೂ ಕಾಣುವುದಿಲ್ಲ. ಆನೆ ಕಾರ್ಯಪಡೆಯವರು ಮೆಸೇಜ್ ಹಾಕುತ್ತಾರೆ, ಜೀಪಿನಲ್ಲಿ ಬಂದು ಹೋಗುತ್ತಾರೆ. ಆದರೂ ತೋಟದ ಕೂಲಿಯವರ ಲೈನ್ ಮನೆಯಿಂದ ರಾತ್ರಿ ಹೊರಗೆ ಬರುವ ಹೆಂಗಸಿಗೆ ಬೇಕಾದ್ದು ಕಂಬದ ಮೇಲೊಂದು ಬಲ್ಬು.

ಕೊನೆಗೆ ಆದದ್ದು ಅರ್ಧಂಬರ್ಧ. ನಮ್ಮ ದೀಪಗಳಲ್ಲಿ ಎಷ್ಟೋ ಹಗಲೂ ಉರಿಯುತ್ತಿದ್ದವು, ಸ್ವಿಚ್ಚೇ ಇರಲಿಲ್ಲ, ನೇರ ಲೈನಿಗೆ ಕಟ್ಟಿದ್ದರು. ಕೇರಿಗೊಂದು ಸ್ವಿಚ್ ಬಾಕ್ಸ್ ಹಾಕಿಸಿ, ಹಾಕಿ ಆರಿಸುವ ಕೆಲಸವನ್ನು ಹತ್ತಿರದ ಮನೆಯವರಿಗೆ ಒಪ್ಪಿಸಿದೆವು. ಹಳೇ ಬಲ್ಬ್ ಕೆಟ್ಟ ಕಡೆ ಎಲ್‌ಇಡಿ ಹಾಕುತ್ತ ಬಂದೆವು. ಹೈಮಾಸ್ಟ್ ರಾತ್ರಿ ಹತ್ತಕ್ಕೆ ಆರಿಸುವುದು ಎಂದಾಯಿತು. ಐದು ವರ್ಷದಲ್ಲಿ ನಾನು ಮಾಡಿದ ದೊಡ್ಡ ಸಾಧನೆ ಯಾವುದು ಅಂದರೆ ಹಗಲು ದೀಪ ಆರಿಸಿದ್ದು. ನಗಬೇಡಿ, ಬಿಲ್ಲಿನಲ್ಲಿ ಅದು ಕಾಣಿಸಿತು.

ಈ ದೀಪದ ರಗಳೆಯನ್ನು ನನ್ನ ಅಣ್ಣನ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅವಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನರ್ಸು. “ಅತ್ತೆ, ಇಲ್ಲೂ ಅದೇ ಕಣತ್ತೆ, ಬೀದಿದೀಪ ಮಂಕು ಮಾಡ್ತೀವಿ ಅಂತ ಕೌನ್ಸಿಲ್‌ನವರು ಹೇಳಿದಾರೆ” ಅಂದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಓದುತ್ತ ಹೋದರೆ ನಿಜವೇ. ಹನ್ನೊಂದು ಲಕ್ಷಕ್ಕೂ ಮೀರಿ ಜನ ಇರುವ ನಗರ. 2023ರ ಸೆಪ್ಟೆಂಬರ್ 5ರಂದು ಅಲ್ಲಿನ ಕೌನ್ಸಿಲ್ ‘114ನೇ ಕಲಮಿನ ನೋಟಿಸು’ ಹೊರಡಿಸಿತು. ಕಾನೂನು ಕಡ್ಡಾಯ ಮಾಡಿದ ಸೇವೆ ಬಿಟ್ಟರೆ ಹೊಸ ಖರ್ಚು ಯಾವುದೂ ಮಾಡುವುದಿಲ್ಲ ಎಂಬ ಘೋಷಣೆ ಅದು. ಜನರ ಬಾಯಲ್ಲಿ ದಿವಾಳಿ. ಸರ್ಕಾರ ಆಯುಕ್ತರನ್ನು ಕಳಿಸಿ ಕೂರಿಸಿತು. ಮರುವರ್ಷ ಮನೆ ತೆರಿಗೆ ಹೆಚ್ಚುಕಡಿಮೆ ಶೇ 10 ಏರಿತು. ವಾರಕ್ಕೊಮ್ಮೆ ಒಯ್ಯುತ್ತಿದ್ದ ಕಸವನ್ನು ಎರಡು ವಾರಕ್ಕೊಮ್ಮೆ ಒಯ್ಯುವ ಯೋಜನೆ ಬಂತು. 2025ರಲ್ಲಿ ಕಸದವರು ಮುಷ್ಕರ ಹೂಡಿ ಬೀದಿಯಲ್ಲೆಲ್ಲ ಚೀಲಗಳ ರಾಶಿ.

ಅಲ್ಲಿಯ ಕಾರಣಗಳೂ ಒಂದೆರಡಲ್ಲ. ಬ್ರಿಟನ್ ಸರ್ಕಾರ 2010ರ ನಂತರ ಸ್ಥಳೀಯ ಕೌನ್ಸಿಲ್‌ಗಳ ಅನುದಾನ ಕಡಿಯುತ್ತ ಬಂದು, ಬೆಲೆಯೇರಿಕೆ ಲೆಕ್ಕ ಹಾಕಿದರೆ ಏಳು ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಸಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಅದರ ಜೊತೆ ಕಂಪ್ಯೂಟರ್ ವ್ಯವಸ್ಥೆಯೊಂದು ಹದಗೆಟ್ಟಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅಡುಗೆಯವರು, ಕಸ ಗುಡಿಸುವವರು, ಮುದುಕರನ್ನು ನೋಡಿಕೊಳ್ಳುವವರು, ಬಹುಪಾಲು ಹೆಂಗಸರು. ಅವರ ದರ್ಜೆಯ ಗಂಡಸರಿಗೆ ಬೋನಸ್ ಸಿಗುತ್ತಿತ್ತು, ಇವರಿಗೆ ಇಲ್ಲ. ಕೋರ್ಟಿಗೆ ಹೋದರು, 2012ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಕೊಡಬೇಕಾದ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆದು, 2023ರ ಹೊತ್ತಿಗೆ ಕೌನ್ಸಿಲ್ ತಾನೇ ಹೇಳಿದ ಅಂದಾಜು 65ರಿಂದ 76 ಕೋಟಿ ಪೌಂಡ್. ಕೂಗಾಡದವರ ಸಂಬಳವನ್ನು ತಡೆಹಿಡಿದು ನಡೆಸಿದ ಸಂಸಾರ ಅದು. ನಮ್ಮ ನೀರುಗಂಟಿಯ ಲೆಕ್ಕವೂ ಇದೇ ಅಲ್ಲವೇ? ಒಂದೇ ವ್ಯತ್ಯಾಸ, ಇವನು ಕೋರ್ಟಿಗೆ ಹೋಗಿಲ್ಲ.

ಇನ್ನೊಂದು ವಿಷಯ ಕೇಳಿ ನಮ್ಮ ಬಿಲ್ ಕಲೆಕ್ಟರ್ ಬಿದ್ದು ಬಿದ್ದು ನಕ್ಕ. ಇಂಗ್ಲೆಂಡಿನ ಮನೆಗಳಿಗೆ ಇವತ್ತಿಗೂ 1991ರ ಬೆಲೆ ನೋಡಿಯೇ ತೆರಿಗೆಯ ದರ್ಜೆ ಕಟ್ಟುವುದು. “ಹಾಗಾದ್ರೆ ನಾವೇ ವಾಸಿ ಬಿಡಿ ಮೇಡಂ” ಅಂದ. ನಾವೇನು ವಾಸಿ! ನಮ್ಮ ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಹೆಂಚಿನ ಮನೆ ಎಂದಿರುವುದು ಸ್ಥಳಕ್ಕೆ ಹೋದರೆ ಎರಡಂತಸ್ತಿನ ಆರ್‌ಸಿಸಿ, ಮೇಲೊಂದು ಸೋಲಾರು, ಮುಂದೆ ಬೋರ್ಡು: ಹೋಂಸ್ಟೇ.

ಸ್ವಂತ ವಸೂಲಿ ಹೆಚ್ಚಿಸಿಕೊಳ್ಳಿ ಎಂಬುದು ಮೇಲಿನವರ ಖಾಯಂ ಉಪದೇಶ. ಉಪದೇಶ ತಪ್ಪಲ್ಲ. ಯಾರ ಷರತ್ತೂ ಇಲ್ಲದೆ ನೀರುಗಂಟಿಗೆ ಕೊಡಬಹುದಾದ ದುಡ್ಡು ಅದೊಂದೇ. ಆದರೆ ಮಲೆನಾಡಿನಲ್ಲಿ ಆಸ್ತಿ ಅಂದರೆ ತೋಟ. ಕೃಷಿ ಕಂದಾಯಕ್ಕೆ ಒಳಪಟ್ಟ ಭೂಮಿಗೆ ಪಂಚಾಯಿತಿ ತೆರಿಗೆ ಹಾಕುವಂತಿಲ್ಲ, ಕಟ್ಟಡಗಳಿಗೆ, ಕೃಷಿಯೇತರ ಜಾಗಕ್ಕೆ ಮಾತ್ರ. ನೂರಾರು ಎಕರೆ ಎಸ್ಟೇಟಿನಿಂದ ನಮಗೆ ಬರುವುದು ಬಂಗಲೆ, ಗೋಡೌನು, ಲೈನ್ ಮನೆಗಳ ಕಂದಾಯ. 2025ರ ಶುರುವಿನಲ್ಲಿ ಕಾಫಿ ರೇಟು ಹಿಂದೆಂದೂ ಕಾಣದಷ್ಟು ಏರಿತಲ್ಲ, ಆ ವರ್ಷ ನಮ್ಮ ವಸೂಲಿ ಚೆನ್ನಾಗಿ ಆದೀತು ಅಂದುಕೊಂಡಿದ್ದೆ. ದೊಡ್ಡ ಬಾಕಿದಾರರ ಹೆಸರು ಕಾಫಿ ರೇಟಿನ ಜೊತೆ ಅಲುಗಾಡಲೇ ಇಲ್ಲ. ಕೂಲಿ ಲೈನಿನ ಅಜ್ಜಿ ಮಾತ್ರ ಪಿಂಚಣಿ ಬಂದ ದಿನ ಸೆರಗಿನ ಗಂಟು ಬಿಚ್ಚಿ ಕಟ್ಟಿ ಹೋಗುತ್ತಾಳೆ.

ಕಂದಾಯದ ಮೇಲೆ ಉಪಕರ ಬೇರೆ. ಆರೋಗ್ಯಕ್ಕೆ ಶೇ 15, ಶಿಕ್ಷಣಕ್ಕೆ 10, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3. ಕೂಡಿದರೆ ನೂರಕ್ಕೆ ಮೂವತ್ನಾಲ್ಕು. ರಸೀದಿ ನೋಡಿ ಜನ ಕೇಳುವುದು ಕೊನೆಯದನ್ನೇ, “ಭಿಕ್ಷುಕರ ದುಡ್ಡು ಯಾರಿಗ್ ಹೋಗುತ್ತೆ ಮಾರಾಯ್ತಿ?”

ಹೋಂಸ್ಟೇಯವರ ಜೊತೆ ನಡೆದ ಮಾತುಕತೆ ಬರೆದರೆ ಅದೇ ಒಂದು ಪುರಾಣ. ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳು ದೇವರಮನೆಗೂ ಚಾರ್ಮಾಡಿಗೂ ಸಾಲುಗಟ್ಟುತ್ತವೆ, ಸೋಮವಾರ ಬೆಳಿಗ್ಗೆ ನಮ್ಮ ಕಸದ ಗಾಡಿಯಲ್ಲಿ ನೀರಿನ ಬಾಟಲಿ, ಬಿಯರ್ ಬಾಟಲಿ ತುಂಬಿ ತುಳುಕುತ್ತದೆ. ಗಾಡಿಯ ಡೀಸೆಲ್ಲಿಗಾದರೂ ಕೊಡಿ ಎಂದು ಕೇಳಿದೆವು. “ಇದು ಮನೆ ಕಣ್ರೀ, ಹೋಟೆಲ್ ಅಲ್ಲ. ಮನೆ ಕಂದಾಯ ಕಟ್ಟಿಲ್ವ?” ಅಂದರು. ಅವರಲ್ಲಿ ಅರ್ಧ ಜನ ನಮ್ಮ ನೆಂಟರೇ. ತೋಟದಲ್ಲಿ ಏನೂ ಗಿಟ್ಟದ ವರ್ಷಗಳಲ್ಲಿ ಎರಡು ರೂಮು ಬಾಡಿಗೆಗೆ ಬಿಟ್ಟು ಬದುಕಿಕೊಂಡವರು, ಅದೂ ನನಗೆ ಗೊತ್ತು. ಆದರೆ ಹತ್ತು ರೂಮು, ಈಜುಕೊಳ, ಶಾಮಿಯಾನ ಇಟ್ಟುಕೊಂಡವರೂ ಅದೇ ಮಾತು ಹೇಳಿದಾಗ ಮರ್ಯಾದೆ ಸ್ವಲ್ಪ ಬದಿಗಿಡಬೇಕಾಯಿತು. ಅಳತೆ ಮಾಡಿಸಿದೆವು. ಮಾರ್ಗಸೂಚಿ ದರ ಹಾಕಿ ಹೊಸ ಕಂದಾಯ ಕಟ್ಟಿದೆವು. ಕೆಲವರು ಕಟ್ಟಿದರು, ಕೆಲವರು ಶಾಸಕರ ಕಡೆಯಿಂದ ಫೋನ್ ಮಾಡಿಸಿದರು. ಒಬ್ಬರ ಮನೆಯ ಮದುವೆಗೆ ನನ್ನನ್ನು ಕರೆಯಲಿಲ್ಲ. ಕಾಗದ ತಪ್ಪಿಹೋಗಿರಬಹುದು ಎಂದು ನಮ್ಮವರು ಹೇಳಿದರು. ತಪ್ಪಿಹೋದ ಕಾಗದಕ್ಕೆ ನಾನೇನೂ ಕೊರಗಲಿಲ್ಲ.

ದುಡ್ಡಿಲ್ಲದಾಗ ಇನ್ನೊಂದು ದಾರಿ ದಾನಿಗಳು ಮತ್ತು ಶ್ರಮದಾನ. ಇದನ್ನು ಹೊಗಳಿ ಬರೆಯುವವರು ಬಹಳ, ನನಗೆ ಅಷ್ಟು ಉತ್ಸಾಹವಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಜಾರಿದ್ದು ಎಲ್ಲರಿಗೂ ನೆನಪಿರಬೇಕು. ನಮ್ಮಲ್ಲಿ ಅಷ್ಟಾಗದಿದ್ದರೂ ಪ್ರತಿ ಮಳೆಗಾಲಕ್ಕೆ ಒಂದಲ್ಲ ಒಂದು ಕಾಲುಸಂಕ ಕೊಚ್ಚಿಹೋಗುತ್ತದೆ. ಒಂದು ಸಂಕದ ಪಕ್ಕದಲ್ಲಿ ದೊಡ್ಡ ತೋಟದವರ ದಾರಿ ಇತ್ತು, ಅವರೇ ಸಿಮೆಂಟ್ ಪೈಪು ಹಾಕಿಸಿ ಕಟ್ಟಿಸಿಕೊಟ್ಟರು, ಹೆಸರಿನ ಬೋರ್ಡೂ ಬಂತು. ಇನ್ನೊಂದರ ಆಚೆ ಇರುವುದು ಆರು ಮನೆ, ಶಾಲೆಗೆ ಹೋಗುವ ಮಕ್ಕಳು. ಅಲ್ಲಿಗೆ ಯಾವ ದಾನಿಯ ಕಾರೂ ಹೋಗುವುದಿಲ್ಲ. ಅವರು ಅಡಿಕೆ ಮರ ಕಡಿದು ಹಳ್ಳಕ್ಕೆ ಅಡ್ಡ ಹಾಕಿ, ತಂತಿ ಕಟ್ಟಿ, ತಾವೇ ಮಾಡಿಕೊಂಡರು. ಪಂಚಾಯಿತಿಯ ವರದಿಯಲ್ಲಿ ಅದು ‘ಸಾರ್ವಜನಿಕ ಸಹಭಾಗಿತ್ವ’ ಎಂದು ಹೋಯಿತು. ಆ ಪುಟಕ್ಕೆ ನಾನು ಸಹಿ ಹಾಕಲಿಲ್ಲ, ಅಷ್ಟೇ ನನ್ನ ಕೈಲಾದದ್ದು.

ಚಿಕ್ಕಪುಟ್ಟ ಕಾಮಗಾರಿಯನ್ನು ನಮ್ಮಲ್ಲಿ ಇಷ್ಟು ವರ್ಷ ಹೊತ್ತು ನಡೆಸಿದ್ದು ಉದ್ಯೋಗ ಖಾತ್ರಿ. ಬಾವಿ, ಇಂಗುಗುಂಡಿ, ತೋಟದ ಬದು, ಶಾಲೆಯ ಕಾಂಪೌಂಡು. ಕೂಲಿ 2025–26ರಲ್ಲಿ 370 ರೂಪಾಯಿ. ತೋಟದಲ್ಲಿ ಅದಕ್ಕಿಂತ ಜಾಸ್ತಿ ಕೊಡುವುದರಿಂದ ಕಾಫಿ ಕೊಯ್ಲಿನ ಕಾಲಕ್ಕೆ ಯಾರೂ ಬರುವುದಿಲ್ಲ, ಅದು ಬೇರೆ ಮಾತು. ಅದರಲ್ಲಿ ಕೂಲಿಯ ದುಡ್ಡು ಪೂರ್ತಿ ಕೇಂದ್ರದ್ದು, ಸಾಮಗ್ರಿಯದ್ದು ಮುಕ್ಕಾಲು ಕೇಂದ್ರದ್ದು. 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. 125 ದಿನ ಕೆಲಸ, ಆದರೆ ಖರ್ಚಿನಲ್ಲಿ ಕೇಂದ್ರಕ್ಕೆ 60, ರಾಜ್ಯಕ್ಕೆ 40. ಆ ನಲವತ್ತನ್ನು ಬೆಂಗಳೂರು ಸಕಾಲಕ್ಕೆ ಕೊಡದಿದ್ದರೆ ಏನಾಗುತ್ತದೆ ಎಂದು ಪಿಡಿಒ ಅವರನ್ನು ಕೇಳಿದೆ. “ನಿಮಗೇ ಗೊತ್ತಲ್ಲ ಮೇಡಂ” ಅಂದರು.

ನಮ್ಮ ಅವಧಿಯ ಕೊನೇ ಸಭೆಗಳಲ್ಲಿ ಒಂದರಲ್ಲಿ ಒಂದು ಠರಾವು ಮಾಡಿಸಿದೆ. ನಮ್ಮಲ್ಲಿ ಷರತ್ತಿಲ್ಲದೆ ಒಟ್ಟಿಗೆ ಕೈಗೆ ಬರುವ ದುಡ್ಡು ಒಂದೇ ಒಂದು, ಮೀನಿನ ಮಳಿಗೆಯ ಹರಾಜು. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿ ತಿನ್ನದ ಮನೆ ನಮ್ಮ ಕಡೆ ಕಮ್ಮಿ. ಎಷ್ಟೋ ಮನೆಗಳ ಕಂದಾಯ ಒಟ್ಟು ಸೇರಿಸಿದರೂ ಆ ಒಂದು ಮಳಿಗೆಯ ಹರಾಜಿಗೆ ಸಮ ಬರುವುದಿಲ್ಲ. ಆ ಮೊತ್ತ ಖಾತೆಗೆ ಬಂದ ದಿನವೇ ಮೊದಲು ಸಿಬ್ಬಂದಿಯ ಬಾಕಿ ಸಂಬಳಕ್ಕೆ ಹೋಗಬೇಕು, ಉಳಿದರೆ ಬೇರೆಯದಕ್ಕೆ ಎಂದು ಬರೆಸಿದೆವು. ಇಬ್ಬರು ಸದಸ್ಯರು ತಕರಾರು ತೆಗೆದರು, ಅವರ ವಾರ್ಡಿನ ಚರಂಡಿ ಅದರಿಂದಲೇ ಆಗಬೇಕಿತ್ತಂತೆ. ಕೈ ಎತ್ತಿಸಿ ಎಣಿಸಿದರು, ಠರಾವು ಪಾಸಾಯಿತು.

ಹಿಂದಿನ ಸಲ ಮಳಿಗೆಯನ್ನು ಇಬ್ಬರು ಭಾವಮೈದುನರು ಒಳಗೊಳಗೇ ಮಾತಾಡಿಕೊಂಡು ಅಗ್ಗಕ್ಕೆ ಹಿಡಿದಿದ್ದರು. ಈಗ ಆಸ್ತಿ ಪಾಲಿನ ವಿಷಯಕ್ಕೆ ಇಬ್ಬರಿಗೂ ಮಾತಿಲ್ಲ. ಬರುವ ಹರಾಜಿಗೆ ಇಬ್ಬರೂ ಬೇರೆ ಬೇರೆ ಬಂದು ಕೂಗಲಿದ್ದಾರೆ ಎಂದು ಸುದ್ದಿ. ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿದ್ದೇನೆ, ಈ ಸಲ ಮಳಿಗೆ ನಿಮಗೇ ಆಗಬೇಕು, ಬಿಟ್ಟುಕೊಡಬೇಡಿ ಅಂತ.